ತಳ ಹಿಡಿದರೆ ಮೊದಲು ಸೌಟು ಕೆಳಗಿಡಿ

ಪ್ರಶ್ನೆ: ಹಬ್ಬದ ರಾತ್ರಿ ನಮ್ಮ ಮನೆಯಲ್ಲಿ ಇಪ್ಪತ್ತು ಜನರಿಗೆ ಊಟ ಇಟ್ಟುಕೊಂಡಿದ್ದೆವು. ಬೇಳೆ, ತರಕಾರಿ, ಟೊಮೆಟೊ ಹಾಕಿದ ಗಟ್ಟಿ ಗ್ರೇವಿ ದೊಡ್ಡ ಸ್ಟೀಲ್ ಪಾತ್ರೆಯಲ್ಲಿ ಕುದಿಯುತ್ತಿತ್ತು. ಫೋನ್ ಬಂತೆಂದು ಆಚೆ ಹೋಗಿ ಬರುವಷ್ಟರಲ್ಲಿ ತಳ ಹಿಡಿದಿತ್ತು. ಗಾಬರಿಯಲ್ಲಿ ಸೌಟು ಹಾಕಿ ತಳ ಸಮೇತ ಕೆರೆದು ಕಲಕಿಬಿಟ್ಟೆ. ಸೀದ ವಾಸನೆ ಮುಚ್ಚಲು ಮಸಾಲೆ, ಉಪ್ಪು ಹಾಕಿದೆ, ಉಪ್ಪು ಜಾಸ್ತಿಯಾಯಿತು. ಅತ್ತಿಗೆ ಹೇಳಿದರೆಂದು ಆಲೂಗಡ್ಡೆ ಹಾಕಿದೆ, ಏನೂ ಆಗಲಿಲ್ಲ. ಕೊನೆಗೆ ಹಾಲು ಸುರಿದೆ, ಅದು ಒಡೆಯಿತು. ಈ ಗಲಾಟೆಯಲ್ಲಿ ಅನ್ನ ಮುದ್ದೆಯಾಯಿತು, ಕೋಳಿ ಎಲುಬಿನ ಹತ್ತಿರ ಬೆಂದೇ ಇರಲಿಲ್ಲ. ಕಡೆಗೆ ಹೊರಗಿನಿಂದ ಊಟ ತರಿಸಿದೆವು. ಎಲ್ಲರೂ ಉಣ್ಣಲು ಕೂತಾಗ ಹತ್ತೂವರೆ. ಮುಂದೆ ಹೀಗಾದರೆ ಕೊನೆಯ ಗಂಟೆಯಲ್ಲಿ ಏನು ಮಾಡಬೇಕು? ಇನ್ನೊಂದು ಮಾತು: ಗ್ರೇವಿ, ಅನ್ನ ರಾತ್ರಿಯಿಡೀ ಒಲೆಯ ಮೇಲೇ ಇದ್ದವು. ಬೆಳಿಗ್ಗೆ ಚೆನ್ನಾಗಿ ಕುದಿಸಿ ತಿನ್ನೋಣ ಅಂದರು ಮನೆಯವರು. ನಾನು ಬೇಡವೆಂದು ಚೆಲ್ಲಿದೆ. ಸರಿ ಮಾಡಿದೆನಾ? ಆ ಪಾತ್ರೆ ಬೇರೆ ಇನ್ನೂ ಕಪ್ಪಾಗಿ ಕೂತಿದೆ.

ಉತ್ತರ: ಚೆಲ್ಲಿದ್ದು ಸರಿ. ಕಾರಣ ಆಮೇಲೆ ಹೇಳುತ್ತೇನೆ. ನಿಮ್ಮ ಇಡೀ ಪತ್ರದಲ್ಲಿ ಆರೋಗ್ಯಕ್ಕೆ ಸಂಬಂಧಿಸಿದ್ದು ಎರಡೇ: ರಾತ್ರಿಯಿಡೀ ಹೊರಗಿದ್ದ ಅಡುಗೆ ಮತ್ತು ಆ ಬೇಯದ ಕೋಳಿ. ಉಳಿದದ್ದೆಲ್ಲ ರುಚಿಯ ತಾಪತ್ರಯ. ರುಚಿ ಕೆಟ್ಟರೆ ಸರಿಪಡಿಸಲು ನೋಡಬಹುದು, ಆಗದಿದ್ದರೆ ಬಿಡಬಹುದು.

ಪತ್ರವನ್ನು ಮತ್ತೊಮ್ಮೆ ನೀವೇ ಓದಿ ನೋಡಿ. ಆ ರಾತ್ರಿ ಗ್ರೇವಿಗೆ ಬಂದ ಕುತ್ತು ಒಂದೇ, ತಳ ಹಿಡಿದದ್ದು. ಅದು ಪಾತ್ರೆಯ ಅಡಿಯಲ್ಲಿ ಬೆರಳಿನಷ್ಟು ದಪ್ಪದ ಪದರದಲ್ಲಿತ್ತು. ಕೆರೆದಾಗ ಪಾತ್ರೆ ತುಂಬ ಹರಡಿತು. ಮುಚ್ಚಲು ಹೋದಾಗ ಉಪ್ಪಾಯಿತು. ಉಪ್ಪನ್ನು ತಗ್ಗಿಸಲು ಹೋದಾಗ ಹಾಲು ಒಡೆಯಿತು. ನೀವು ಅಲ್ಲೇ ನಿಂತು ಇದನ್ನೆಲ್ಲ ಮಾಡುತ್ತಿದ್ದಾಗ ಪಕ್ಕದ ಒಲೆಯ ಅನ್ನವನ್ನು ನೋಡುವವರಿರಲಿಲ್ಲ. ಆದ್ದರಿಂದ ನನ್ನ ಉತ್ತರದ ಬಹುಪಾಲು ಆ ಮೊದಲ ಐದು ನಿಮಿಷದ ಬಗ್ಗೆಯೇ ಇರುತ್ತದೆ.

ತಳ ಹಿಡಿಯುವುದು ಯಾಕೆ? ನೀರಿನಂಶ ಇರುವಷ್ಟು ಹೊತ್ತು ಪಾತ್ರೆಯಲ್ಲಿರುವುದು 100 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲೇ ಉಳಿಯುತ್ತದೆ. ತೆಳ್ಳಗಿನ ಸಾರಾದರೆ ಅಡಿಯಲ್ಲಿ ಕಾದದ್ದು ಮೇಲೇರುತ್ತದೆ, ಮೇಲಿನದು ಕೆಳಗಿಳಿಯುತ್ತದೆ, ತನ್ನಷ್ಟಕ್ಕೇ ತಿರುಗುತ್ತಿರುತ್ತದೆ. ಬೇಳೆ ಕರಗಿ ಪಿಷ್ಟ ಬಿಟ್ಟುಕೊಂಡು ಗಟ್ಟಿಯಾದ ಮೇಲೆ ಈ ಓಡಾಟ ಹೆಚ್ಚುಕಡಿಮೆ ನಿಂತುಹೋಗುತ್ತದೆ. ಅಡಿಗೆ ಕೂತ ಪದರ ಕೂತಲ್ಲೇ ಕಾಯುತ್ತದೆ, ಅದರ ನೀರು ಆವಿಯಾಗುತ್ತದೆ, ಒಣಗಿದ ಕೂಡಲೇ 100ರ ಗಡಿ ದಾಟುತ್ತದೆ. 140 ಡಿಗ್ರಿಯ ಸುಮಾರಿಗೆ ಬಣ್ಣ ಬೇಗಬೇಗ ಕಂದಾಗುತ್ತದೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮೀಲ್ ಮೇಯಾರ್ 1912ರಲ್ಲಿ ವಿವರಿಸಿದ ಕ್ರಿಯೆ ಇದು. ಬ್ರೆಡ್ಡಿನ ಮೇಲ್ಪದರದ ಬಣ್ಣ, ಹುರಿದ ಮಾಂಸದ ಘಮ ಎರಡಕ್ಕೂ ಇದೇ ಕಾರಣ. ಅಲ್ಲಿಯವರೆಗೆ ಏನೂ ಕೆಟ್ಟಿಲ್ಲ. ಅಲ್ಲಿಂದ ಮುಂದೆ ಕಾದರೆ ಇದ್ದಿಲಾಗುತ್ತದೆ, ಕಹಿಯಾಗುತ್ತದೆ.

ಸ್ಟೀಲ್ ಪಾತ್ರೆಯಲ್ಲಿ ಇದು ಇನ್ನೂ ಬೇಗ ಆಗುತ್ತದೆ. ಸ್ಟೇನ್‌ಲೆಸ್ ಸ್ಟೀಲಿಗಿಂತ ಅಲ್ಯೂಮಿನಿಯಂ ಹತ್ತು ಪಟ್ಟಿಗೂ ಮಿಗಿಲಾಗಿ ಶಾಖವನ್ನು ಹರಡುತ್ತದೆ. ತೆಳು ತಳದ ಸ್ಟೀಲಿನಲ್ಲಿ ಉರಿ ತಾಗುವ ಜಾಗ ಮಾತ್ರ ಸುಡುತ್ತದೆ, ಅದರ ಪಕ್ಕದ್ದು ಅಷ್ಟು ಕಾಯುವುದಿಲ್ಲ. ತಳದಲ್ಲಿ ತಾಮ್ರ ಅಥವಾ ಅಲ್ಯೂಮಿನಿಯಂ ತಟ್ಟೆ ಸೇರಿಸಿದ ಪಾತ್ರೆಗಳು ಬಂದದ್ದೇ ಈ ಕಾರಣಕ್ಕೆ.

ತಳ ಹಿಡಿಯುವ ಮುನ್ನ ಪಾತ್ರೆ ಸುಳಿವು ಕೊಡುತ್ತದೆ. ಸಣ್ಣ ಗುಳ್ಳೆಗಳ ಕುದಿ ಹೋಗಿ ಅಲ್ಲೊಂದು ಇಲ್ಲೊಂದು ದೊಡ್ಡ ಗುಳ್ಳೆ ಕೊತಕ್ಕೆಂದು ಸಿಡಿಯತೊಡಗಿದರೆ ಗ್ರೇವಿ ಗಟ್ಟಿಯಾಗಿದೆ, ಅಡಿ ಅಪಾಯದಲ್ಲಿದೆ. ಸೌಟು ಆಡಿಸುವಾಗ ಅಡಿಯಲ್ಲಿ ಏನೋ ತಡೆದಂತಾದರೆ ಆಗಲೇ ಅಂಟತೊಡಗಿದೆ. ಹುರಿದ ವಾಸನೆ ಬಂದು ಸೀದ ವಾಸನೆಗೆ ತಿರುಗುವ ನಡುವೆ ಸ್ವಲ್ಪ ಸಮಯ ಸಿಗುತ್ತದೆ, ಹೆಚ್ಚಿಲ್ಲ. (ಫೋನ್ ಬಂದರೆ ಒಲೆ ಆರಿಸಿ ಹೋಗಿ. ಐದು ನಿಮಿಷ ಆರಿದರೆ ದೊಡ್ಡ ಪಾತ್ರೆ ತಣ್ಣಗಾಗುವುದಿಲ್ಲ.)

ಸೀದ ವಾಸನೆ ಮೂಗಿಗೆ ಬಡಿದ ಗಳಿಗೆ ಎಲ್ಲರ ಕೈಯೂ ಸೌಟಿಗೇ ಹೋಗುತ್ತದೆ. ಅದನ್ನು ತಡೆಯಿರಿ. ಒಲೆ ಆರಿಸಿ, ಪಾತ್ರೆಯನ್ನು ಒಲೆಯಿಂದ ಇಳಿಸಿ. ಆರಿದ ಒಲೆಯ ಕಬ್ಬಿಣವೂ ಕಾದಿರುತ್ತದೆ. ಲೋಹದ ಪಾತ್ರೆಯಾದರೆ ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ ಅದರಲ್ಲಿ ತಳ ಮುಳುಗುವಂತೆ ಒಂದೆರಡು ನಿಮಿಷ ಇಡಿ. ಅಡಿಯ ಪದರದಲ್ಲಿ ಉಳಿದ ಬಿಸಿ ಸುಡುತ್ತಲೇ ಇರುತ್ತದೆ, ಅದು ನಿಲ್ಲಬೇಕು. ಮಣ್ಣಿನ ಅಥವಾ ಗಾಜಿನ ಪಾತ್ರೆಗೆ ಇದನ್ನು ಮಾಡಬೇಡಿ, ಬಿರುಕು ಬಿಡುತ್ತದೆ.

ಆಮೇಲೆ ಇನ್ನೊಂದು ಪಾತ್ರೆ ತೆಗೆದುಕೊಂಡು ಮೇಲಿನಿಂದ ಸೌಟು ಸೌಟಾಗಿ ತೋಡಿ ಹಾಕಿ. ಪಾತ್ರೆಯನ್ನು ಎತ್ತಿ ಸುರಿಯಬಾರದು. ಸುರಿದರೆ ಕೊನೆಯ ಧಾರೆಯಲ್ಲಿ ಅಡಿಯದೂ ಜಾರಿ ಬರುತ್ತದೆ. ಅರ್ಧ ಆದಾಗ ಒಮ್ಮೆ, ಮುಕ್ಕಾಲು ಆದಾಗ ಒಮ್ಮೆ ಹಳೆಯ ಪಾತ್ರೆಯಲ್ಲಿ ಉಳಿದದ್ದರ ರುಚಿ ನೋಡಿ. ಕಹಿ ಸಿಕ್ಕಿದ ಕ್ಷಣ ನಿಲ್ಲಿಸಿ. ಉಳಿದದ್ದು ಎಷ್ಟೇ ಇರಲಿ, ಆಸೆ ಬಿಡಿ. ಕಾಲು ಪಾಲು ಕಳೆದುಕೊಂಡರೆ ಮುಕ್ಕಾಲು ಉಳಿಯುತ್ತದೆ. ಆ ಕಾಲು ಪಾಲನ್ನೂ ಬಿಡಲಾರದೆ ಕೊನೆಯ ಎರಡು ಸೌಟು ತೋಡಿ ಹಾಕಿ ಇಡೀ ಪಾತ್ರೆಯನ್ನು ಕೆಡಿಸಿಕೊಳ್ಳುವವರೇ ಹೆಚ್ಚು.

ಉಳಿಸಿದ್ದನ್ನು ಅಡುಗೆಮನೆಯಲ್ಲಿ ನಿಂತು ಮೂಸಬೇಡಿ. ಅಲ್ಲಿಯ ಗಾಳಿಯೇ ಸೀದು ನಾರುತ್ತಿರುತ್ತದೆ. ನಿಮ್ಮ ಸೀರೆ, ಕೂದಲಿಗೂ ಹತ್ತಿರುತ್ತದೆ. ಅಲ್ಲಿ ನಿಂತವರಿಗೆ ಒಳ್ಳೆಯ ಅಡುಗೆಯೂ ಸೀದಂತೆ ಕಾಣಬಹುದು. ಇಲ್ಲವೇ ಮೂಗು ವಾಸನೆಗೆ ಒಗ್ಗಿಹೋಗಿ ನಿಜವಾಗಿ ಸೀದದ್ದೂ ಗೊತ್ತಾಗದೆ ಹೋಗಬಹುದು. ಒಂದು ಬಟ್ಟಲಲ್ಲಿ ಸ್ವಲ್ಪ ಹಾಕಿ ಬೇರೆ ಕೋಣೆಯಲ್ಲಿ, ಅಡುಗೆಮನೆಗೆ ಕಾಲಿಡದ ಯಾರಿಗಾದರೂ ಕೊಡಿ. ಏನಾಯಿತೆಂದು ಹೇಳದೆ "ಉಪ್ಪು ನೋಡಿ" ಎಂದಷ್ಟೇ ಹೇಳಿ. ಅವರು ಉಪ್ಪಿನ ಬಗ್ಗೆಯೇ ಮಾತಾಡಿದರೆ ನೀವು ಗೆದ್ದಿರಿ.

ಸಣ್ಣಗೆ ಹೊಗೆ ವಾಸನೆ ಉಳಿದಿದೆ, ಕಹಿ ಇಲ್ಲ ಎಂದಾದರೆ ದಾರಿ ಇದೆ. ವಾಸನೆಯ ಕಣಗಳಲ್ಲಿ ಬಹಳಷ್ಟು ಕೊಬ್ಬಿನಲ್ಲಿ ಕರಗುವಂಥವು. ಸ್ವಲ್ಪ ಬೆಣ್ಣೆಯೋ ಎಣ್ಣೆಯೋ ಸೇರಿಸಿದರೆ ಅಷ್ಟು ಬೇಗ ಮೂಗಿಗೆ ಏರುವುದಿಲ್ಲ. ಚಿಟಿಕೆ ಸಕ್ಕರೆ, ನಾಲ್ಕು ಹನಿ ಹುಳಿ ನಾಲಗೆಯ ಗಮನವನ್ನು ಆ ಕಡೆ ಎಳೆಯುತ್ತವೆ. ನನಗೆ ಇನ್ನೂ ಹಿಡಿಸುವ ಉಪಾಯ ಬೇರೆ: ಈರುಳ್ಳಿಯನ್ನೋ ಟೊಮೆಟೊವನ್ನೋ ನೇರ ಉರಿಯಲ್ಲಿ ಸಿಪ್ಪೆ ಕಪ್ಪಾಗುವಷ್ಟು ಸುಟ್ಟು, ಸಿಪ್ಪೆ ತೆಗೆದು, ಹೆಚ್ಚಿ ಬೆರೆಸುವುದು. ಆಗ ಹೊಗೆ ವಾಸನೆಗೆ ತಟ್ಟೆಯಲ್ಲೇ ಒಂದು ಕಾರಣ ಕಾಣುತ್ತದೆ, ಉಣ್ಣುವವರು ಅದನ್ನು ಬೇಕೆಂದೇ ಮಾಡಿದ್ದೆಂದು ತಿಳಿಯುತ್ತಾರೆ. ಬ್ರೆಡ್ ತುಂಡು ತೇಲಿಬಿಟ್ಟರೆ ವಾಸನೆ ಹೀರಿಕೊಳ್ಳುತ್ತದೆ ಎಂಬ ಮಾತಿನಲ್ಲಿ ನನಗೆ ನಂಬಿಕೆ ಇಲ್ಲ. ಅದು ಹೀರುವುದು ಗ್ರೇವಿಯನ್ನು. ವಾಸನೆಯನ್ನು ಮಾತ್ರ ಆಯ್ದುಕೊಳ್ಳಲು ಅದಕ್ಕೆ ಬರುವುದಿಲ್ಲ.

ನೀವು ಮಾಡಿದಂತೆ ಆಗಲೇ ಕೆರೆದು ಕಲಕಿಬಿಟ್ಟಿದ್ದರೆ? ಸಣ್ಣ ತೂತಿನ ಜಾಲರಿಯಲ್ಲಿ ಸೋಸಿ ಕಪ್ಪು ಚೂರುಗಳನ್ನು ತೆಗೆದು, ರುಚಿ ನೋಡಿ. ಕಹಿ ಇದ್ದರೆ ಅಲ್ಲಿಗೆ ಮುಗಿಯಿತು. ಕಹಿಯನ್ನು ಮುಚ್ಚಲು ಮಸಾಲೆ ಹಾಕಿದರೆ ಕಹಿಯಾದ ಮಸಾಲೆ ಗ್ರೇವಿ ಸಿಗುತ್ತದೆ, ಅಷ್ಟೆ.

ಈಗ ಉಪ್ಪಿಗೆ ಬರೋಣ. ಆಲೂಗಡ್ಡೆಯ ಮಾತು ಅತ್ತಿಗೆಯೊಬ್ಬರದ್ದೇ ಅಲ್ಲ, ಎಲ್ಲ ಕಡೆ ಕೇಳಿಬರುವುದು. ಆಲೂಗಡ್ಡೆ ಉಪ್ಪುನೀರನ್ನು ಹೀರುತ್ತದೆ ನಿಜ. ಆದರೆ ಉಪ್ಪಿನೊಂದಿಗೆ ನೀರನ್ನೂ ಹೀರುತ್ತದೆ, ಹಾಗಾಗಿ ಉಳಿದ ಗ್ರೇವಿ ಮೊದಲಿನಷ್ಟೇ ಉಪ್ಪಾಗಿರುತ್ತದೆ. ಉಪ್ಪಿಲ್ಲದ ಆಲೂಗಡ್ಡೆಯನ್ನು ಬೇಯಿಸಿ ಅದರಲ್ಲೇ ಬಿಟ್ಟು ಬಡಿಸಿದರೆ ಒಟ್ಟು ಪ್ರಮಾಣ ಹೆಚ್ಚಿದ್ದರಿಂದ ತುತ್ತಿಗೆ ಸಿಗುವ ಉಪ್ಪು ಸ್ವಲ್ಪ ಕಡಿಮೆಯಾಗುತ್ತದೆ. ತೆಗೆದು ಎಸೆದರೆ ಆ ಲಾಭವೂ ಇಲ್ಲ.

ಹೆಚ್ಚಾದ ಉಪ್ಪಿಗೆ ನಿಜವಾದ ಮದ್ದು ಪ್ರಮಾಣ ಹೆಚ್ಚಿಸುವುದು. ಲೆಕ್ಕ ನೋಡಿ. ಗ್ರೇವಿಯಂಥ ಅಡುಗೆಯಲ್ಲಿ ತೂಕದ ಶೇಕಡಾ 1ರ ಆಸುಪಾಸಿನಲ್ಲಿ ಉಪ್ಪಿದ್ದರೆ ಹೆಚ್ಚಿನವರಿಗೆ ಹದ ಅನ್ನಿಸುತ್ತದೆ. 3 ಲೀಟರ್ ಗ್ರೇವಿಯಲ್ಲಿ ಅದು ಶೇಕಡಾ 1.5 ಆಗಿದೆ ಅನ್ನಿ. ಅಂದರೆ 45 ಗ್ರಾಂ ಉಪ್ಪು. ಅದೇ 45 ಗ್ರಾಂ ಶೇಕಡಾ 1 ಆಗಬೇಕಾದರೆ ಒಟ್ಟು 4.5 ಲೀಟರ್ ಬೇಕು. ಉಪ್ಪು ಹಾಕದ 1.5 ಲೀಟರ್ ಸೇರಿಸಬೇಕು. ಬರೀ ನೀರು ಸೇರಿಸಿದರೆ ಉಪ್ಪಿನ ಜೊತೆ ಎಲ್ಲವೂ ಸಪ್ಪೆಯಾಗುತ್ತದೆ, ಆದ್ದರಿಂದ ಉಪ್ಪು ಹಾಕದೆ ಬೇಯಿಸಿದ ಬೇಳೆ, ತರಕಾರಿ, ರುಬ್ಬಿದ ಟೊಮೆಟೊ ಸೇರಿಸಿ. ಒಡೆದ ಬೇಳೆ ಕುಕ್ಕರಿನಲ್ಲಿ ಬೇಗ ಬೇಯುತ್ತದೆ, ಒಂದು ಗಂಟೆಯೊಳಗೆ ಆಗುವ ಕೆಲಸ. ಅಷ್ಟು ಹಿಡಿಸುವ ಪಾತ್ರೆ ಇಲ್ಲದಿದ್ದರೆ ಮೊದಲೇ ಗ್ರೇವಿಯ ಮೂರನೇ ಒಂದು ಭಾಗ ತೆಗೆದಿಟ್ಟು, ಉಳಿದದ್ದಕ್ಕೆ ಸೇರಿಸಿ. ಇನ್ನೂ ಸುಲಭದ ದಾರಿ: ಅದರ ಜೊತೆ ಬಡಿಸುವ ಅನ್ನವನ್ನೋ ಬ್ರೆಡ್ಡನ್ನೋ ಪೂರ್ತಿ ಉಪ್ಪಿಲ್ಲದೆ ಇಡುವುದು. ಉಪ್ಪು ಅಲ್ಪಸ್ವಲ್ಪ ಮಾತ್ರ ಹೆಚ್ಚಾಗಿದ್ದರೆ ಇಷ್ಟೇ ಸಾಕು.

ಹುಳಿ ಅಥವಾ ಸಿಹಿ ಸೇರಿಸಿದರೆ ಉಪ್ಪಿನ ಮೊನೆ ಸ್ವಲ್ಪ ಮೊಂಡಾಗುತ್ತದೆ, ಉಪ್ಪು ಮಾತ್ರ ಅಷ್ಟೇ ಇರುತ್ತದೆ. ರಕ್ತದೊತ್ತಡ ಇರುವವರು ಪಂಕ್ತಿಯಲ್ಲಿದ್ದರೆ ನಾಲಗೆಗೆ ಮೋಸ ಮಾಡುವ ಈ ದಾರಿ ಬೇಡ. ಖಾರ ಹೆಚ್ಚಾದರೆ ಮಾತ್ರ ಲೆಕ್ಕ ಬೇರೆ. ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನೀರಿನಲ್ಲಿ ಕರಗುವುದಿಲ್ಲ, ಕೊಬ್ಬಿನಲ್ಲಿ ಕರಗುತ್ತದೆ. ನೀರು ಹಾಕಿದರೆ ಅಷ್ಟಾಗಿ ಉಪಯೋಗವಿಲ್ಲ. ಕೆನೆ, ಬೆಣ್ಣೆ ಸಹಾಯಕ್ಕೆ ಬರುತ್ತವೆ.

ಹಾಲು ಒಡೆದದ್ದಕ್ಕೆ ಟೊಮೆಟೊ ಕಾರಣ. ಹಾಲಿನ ಪಿಎಚ್ (ಹುಳಿಯ ಅಳತೆ, ಇಳಿದಷ್ಟೂ ಹುಳಿ ಹೆಚ್ಚು) ಸುಮಾರು 6.7. ಅದು 4.6ಕ್ಕೆ ಇಳಿದರೆ ಕೇಸೀನ್ ಎಂಬ ಪ್ರೋಟೀನು ಗಟ್ಟಿಯಾಗಿ ನೀರಿನಿಂದ ಬೇರ್ಪಡುತ್ತದೆ. ಕುದಿಯುವ ಬಿಸಿಯಲ್ಲಿ ಅಷ್ಟು ಹುಳಿಯೂ ಬೇಕಿಲ್ಲ. ನಿಮ್ಮ ಪಾತ್ರೆಯಲ್ಲಿ ಹುಳಿಯೂ ಇತ್ತು, ಕುದಿಯೂ ಇತ್ತು, ಉಪ್ಪು ಬೇರೆ ವಿಪರೀತ. ಒಡೆಯದಿದ್ದರೆ ಆಶ್ಚರ್ಯ. ಕೆನೆಯಲ್ಲಿ ಕೊಬ್ಬು ಹೆಚ್ಚು, ಪ್ರೋಟೀನು ಕಡಿಮೆ. ಅದು ಇದನ್ನೆಲ್ಲ ಹೆಚ್ಚು ತಾಳಿಕೊಳ್ಳುತ್ತದೆ. ಹಾಲೇ ಬೇಕಾದರೆ ಒಂದು ಚಮಚ ಕಾರ್ನ್‌ಫ್ಲೋರನ್ನು (ಮೆಕ್ಕೆಜೋಳದ ಪಿಷ್ಟ) ತಣ್ಣನೆಯ ಹಾಲಿನಲ್ಲಿ ಗಂಟಿಲ್ಲದೆ ಕಲಸಿ ಒಮ್ಮೆ ಕುದಿಸಿಕೊಳ್ಳಿ. ಪಿಷ್ಟವು ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ. ಆಮೇಲೆ ಒಲೆ ಆರಿಸಿದ ಗ್ರೇವಿಯಿಂದ ಒಂದೊಂದೇ ಸೌಟು ತೆಗೆದು ಹಾಲಿಗೆ ಹಾಕಿ ಕಲಕುತ್ತಾ ಬನ್ನಿ, ಕೊನೆಯಲ್ಲಿ ಎಲ್ಲವನ್ನೂ ಪಾತ್ರೆಗೆ ಸೇರಿಸಿ. ಮತ್ತೆ ಕುದಿಸಬೇಡಿ.

ಒಡೆದದ್ದು ಕೆಟ್ಟದ್ದಲ್ಲ, ತಿನ್ನಲು ಅಡ್ಡಿಯಿಲ್ಲ. ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ಕುದಿಸುತ್ತಾ ಹೋದರೆ ಚೂರುಗಳು ಇನ್ನೂ ಗಟ್ಟಿಯಾಗುತ್ತವೆ, ಆದ್ದರಿಂದ ತಕ್ಷಣ ಒಲೆ ಆರಿಸಿ. ಮಿಕ್ಸಿಯಲ್ಲಿ ತಿರುಗಿಸಿದರೆ ಬಹುಮಟ್ಟಿಗೆ ನುಣುಪಾಗುತ್ತದೆ. ಇಲ್ಲಿ ಒಂದು ಎಚ್ಚರಿಕೆ: ಬಿಸಿ ಗ್ರೇವಿಯನ್ನು ಜಾರಿನ ತುಂಬ ಹಾಕಿ ಮುಚ್ಚಳ ಬಿಗಿದು ತಿರುಗಿಸಿದರೆ ಆವಿ ಮುಚ್ಚಳವನ್ನು ಚಿಮ್ಮಿಸುತ್ತದೆ. ಮೂರನೇ ಒಂದು ಭಾಗ ಮಾತ್ರ ಹಾಕಿ, ಮುಚ್ಚಳವನ್ನು ಸ್ವಲ್ಪ ಸಡಿಲವಾಗಿಟ್ಟು, ಮೇಲೆ ಬಟ್ಟೆ ಹಿಡಿದು, ನಿಧಾನದಿಂದ ಶುರು ಮಾಡಿ. ಕೈ ಸುಟ್ಟರೆ ಮಂಜುಗಡ್ಡೆ, ಟೂತ್‌ಪೇಸ್ಟ್ ಏನೂ ಬೇಡ. ಹರಿಯುವ ತಣ್ಣನೆಯ ನಲ್ಲಿ ನೀರಿನ ಕೆಳಗೆ 20 ನಿಮಿಷ ಹಿಡಿಯಿರಿ. ಗುಳ್ಳೆ ದೊಡ್ಡದಾಗಿ ಎದ್ದರೆ ಊಟವನ್ನು ಬೇರೆಯವರಿಗೆ ಒಪ್ಪಿಸಿ ವೈದ್ಯರ ಬಳಿ ಹೋಗಿ.

ಅನ್ನದ ವಿಷಯ ಚಿಕ್ಕದು. ಮುದ್ದೆಯಾಗುತ್ತಿದೆ ಅನ್ನಿಸಿದ ಕೂಡಲೇ ನೀರು ಬಸಿದು ಅಗಲವಾದ ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ಕಲಕಬೇಡಿ. ಆವಿ ಹೋದಷ್ಟೂ ಅಗುಳು ಬಿಡಿಯಾಗುತ್ತದೆ. ಪೂರ್ತಿ ಮುದ್ದೆಯಾದದ್ದು ಬಿಡಿಯಾಗುವುದಿಲ್ಲ; ಅದನ್ನು ಇನ್ನಷ್ಟು ನೀರಿನಲ್ಲಿ ಬೇಯಿಸಿ ಗಂಜಿಯ ಹದಕ್ಕೆ ತಂದು, ತರಕಾರಿ ಸೇರಿಸಿ, ಗಂಜಿಯೆಂದೇ ಬಡಿಸಿ. ಅರೆಬೆಂದು ನೀರು ಇಂಗಿಹೋಗಿದ್ದರೆ ಕುದಿಯುವ ನೀರು ಚಿಮುಕಿಸಿ, ಬಿಗಿಯಾಗಿ ಮುಚ್ಚಿ, ಸಣ್ಣ ಉರಿಯಲ್ಲಿ ಹತ್ತು ನಿಮಿಷ ಬಿಡಿ. ಅನ್ನ ತಳ ಹಿಡಿದರೆ ಗ್ರೇವಿಗೆ ಹೇಳಿದ್ದೇ ಇದಕ್ಕೂ.

ಕೋಳಿಯ ವಿಷಯದಲ್ಲಿ ನಾನು ಯಾವ ರಾಜಿಗೂ ಸಿದ್ಧನಿಲ್ಲ. ಎಲುಬಿನ ಹತ್ತಿರ ಬೇಯದ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಬ್ಯಾಕ್ಟೀರಿಯಾಗಳು ಜೀವಂತವಾಗಿರಬಹುದು. ಮಾಂಸದ ಅತಿ ದಪ್ಪನೆಯ ಭಾಗದ ನಡುವೆ 74 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ಬಣ್ಣ ನೋಡಿ ತೀರ್ಮಾನಿಸಬಾರದು. ಎಲುಬಿನ ಬಳಿ ಬೆಂದ ಮಾಂಸವೂ ಕೆಂಪಗೆ ಕಾಣಬಹುದು, ಬೇಯದ್ದೂ ಬೆಳ್ಳಗಿರಬಹುದು. ಹೆಚ್ಚು ಜನರಿಗೆ ಮಾಂಸ ಬೇಯಿಸುವ ಮನೆಯಲ್ಲಿ ಒಂದು ಅಡುಗೆ ಥರ್ಮಾಮೀಟರ್ ಇರಲೇಬೇಕು ಎಂಬುದು ನನ್ನ ಅಭಿಪ್ರಾಯ. ಅದರ ತುದಿ ಎಲುಬಿಗೆ ತಾಗದಂತೆ ಚುಚ್ಚಿ ನೋಡಿ.

ಕೊನೆಯ ಗಳಿಗೆಯಲ್ಲಿ ಕೋಳಿ ಬೆಂದಿಲ್ಲ ಎಂದು ಗೊತ್ತಾದರೆ ಇಡಿಯಾಗಿ ಮತ್ತೆ ಒಲೆಗೆ ಹಾಕುವುದು ದಂಡ. ದಪ್ಪ ಎರಡು ಪಟ್ಟಾದರೆ ಶಾಖ ಒಳಗೆ ತಲುಪಲು ಎರಡು ಪಟ್ಟಿಗಿಂತ ಬಹಳ ಹೆಚ್ಚು ಸಮಯ ಬೇಕು. ಅದನ್ನೇ ತಿರುಗಿಸಿ ನೋಡಿದರೆ, ತುಂಡು ಚಿಕ್ಕದಾದಷ್ಟೂ ಸಮಯ ಉಳಿಯುತ್ತದೆ. ಕೀಲುಗಳಲ್ಲಿ ಬಿಡಿಸಿ, ಎಲುಬಿನಿಂದ ಮಾಂಸ ಬೇರ್ಪಡಿಸಿ, ಅಗಲ ಬಾಣಲೆಯಲ್ಲಿ ಒಂದೇ ಪದರವಾಗಿ ಹರಡಿ, ಸ್ವಲ್ಪ ನೀರು ಹಾಕಿ ಮುಚ್ಚಿ. ಹತ್ತು ನಿಮಿಷದ ಸುಮಾರಿಗೆ ಪರೀಕ್ಷಿಸಿ. ಇಡೀ ಕೋಳಿಯ ಅಂದ ಹೋಯಿತೆಂದು ಬೇಸರ ಬೇಡ, ಹೇಗೂ ತಟ್ಟೆಗೆ ತುಂಡಾಗಿಯೇ ಹೋಗುವುದು. ಹಸಿ ಮಾಂಸ ಮುಟ್ಟಿದ ಚಾಕು, ಹಲಗೆಯನ್ನು ಸೋಪಿನಲ್ಲಿ ತೊಳೆಯದೆ ಬೇರೆ ಯಾವುದಕ್ಕೂ ಮುಟ್ಟಿಸಬೇಡಿ. ಮಾಂಸ ಒಳಗೆ ಹಸಿಯಾಗಿಯೇ ಉಳಿಯಲು ಎಷ್ಟೋ ಸಲ ಒಳಗಿನ ಮಂಜುಗಡ್ಡೆ ಕರಗದಿರುವುದೇ ಕಾರಣ. ಫ್ರಿಜ್‌ನಲ್ಲಿಟ್ಟು ಕರಗಿಸುವುದಾದರೆ 2 ರಿಂದ 2.5 ಕಿಲೋಗೆ ಒಂದು ಇಡೀ ದಿನ ಬೇಕು. ಅವಸರವಿದ್ದರೆ ನೀರು ಒಳಹೋಗದ ಚೀಲದಲ್ಲಿ ಕಟ್ಟಿ ತಣ್ಣೀರಿನಲ್ಲಿ ಮುಳುಗಿಸಿ, ಅರ್ಧ ಗಂಟೆಗೊಮ್ಮೆ ನೀರು ಬದಲಿಸಿ. ಅರ್ಧ ಕಿಲೋಗೆ ಅರ್ಧ ಗಂಟೆಯ ಲೆಕ್ಕ. ಅಡುಗೆ ಕಟ್ಟೆಯ ಮೇಲೆ ಹಾಗೇ ಬಿಟ್ಟು ಕರಗಿಸಬಾರದು.

ಇನ್ನು ನಿಮ್ಮ ಮುಖ್ಯ ಪ್ರಶ್ನೆ, ಕೊನೆಯ ಗಂಟೆ. ಹೊರಗಿನಿಂದ ತರಿಸಿದ್ದು ಸೋಲು ಎಂಬ ಧ್ವನಿ ನಿಮ್ಮ ಪತ್ರದಲ್ಲಿದೆ. ನನಗೆ ಹಾಗೆ ಕಾಣುವುದಿಲ್ಲ. ಆ ನಿರ್ಧಾರ ಸರಿಯಿತ್ತು, ತಡವಾಯಿತು ಅಷ್ಟೇ. ಎಲ್ಲವನ್ನೂ ಪ್ರಯತ್ನಿಸಿ, ಎಲ್ಲವೂ ಕೈಕೊಟ್ಟ ಮೇಲೆ ತೆಗೆದುಕೊಂಡದ್ದರಿಂದ ಹತ್ತೂವರೆಯಾಯಿತು. ಅಡುಗೆ ಕೆಟ್ಟಿದೆ ಎಂದು ಗೊತ್ತಾದ ಕೂಡಲೇ ಗಡಿಯಾರ ನೋಡಿ ಒಂದು ಗಡುವು ಹಾಕಿಕೊಳ್ಳಿ: ಹದಿನೈದು ನಿಮಿಷದೊಳಗೆ ಇದು ದಾರಿಗೆ ಬರದಿದ್ದರೆ ಬೇರೆ ಅಡುಗೆ ಅಥವಾ ಬೇರೆ ಕಡೆಯ ಊಟ. ಆ ಹದಿನೈದು ನಿಮಿಷ ಕೆಟ್ಟ ಪಾತ್ರೆಯ ಹತ್ತಿರ ಒಬ್ಬರೇ ನಿಲ್ಲಬೇಕು. ಮಿಕ್ಕ ಒಲೆಗಳನ್ನು ಬೇರೆಯವರಿಗೆ ವಹಿಸಿ, ಬಂದ ಅತಿಥಿಗಳಿಗಾದರೂ ಸರಿ. ಸೌಟು ಕೊಟ್ಟರೆ ಬೇಡವೆನ್ನುವ ನೆಂಟರು ಕಡಿಮೆ. ಸುಮ್ಮನೆ ಕೂತು ಹಸಿದಿರುವವರಿಗೇ ಹೊತ್ತು ಹೋಗುವುದಿಲ್ಲ. ಮಕ್ಕಳಿಗೆ, ಮಧುಮೇಹದ ಔಷಧಿ ತೆಗೆದುಕೊಳ್ಳುವ ಹಿರಿಯರಿಗೆ ಕಾಯಿಸದೆ ಏನಾದರೂ ಕೊಟ್ಟುಬಿಡಿ.

ಬೇರೆ ಅಡುಗೆ ಎಂದರೆ ಆ ಹೊತ್ತಿಗೆ ಏನು? ತಳ ಹಿಡಿಯಲಾರದಂಥದ್ದು, ಬೇಗ ಬೇಯುವಂಥದ್ದು. ಮೊಟ್ಟೆ ನೀರಿನಲ್ಲಿ ಹತ್ತು-ಹನ್ನೆರಡು ನಿಮಿಷಕ್ಕೆ ಗಟ್ಟಿಯಾಗುತ್ತದೆ. ಸಣ್ಣಗೆ ಹೆಚ್ಚಿದ ತರಕಾರಿ ದೊಡ್ಡ ಉರಿಯಲ್ಲಿ ಅಷ್ಟೇ ಹೊತ್ತಿಗೆ ಆಗುತ್ತದೆ. ರಾಜ್ಮಾದಂಥ ಕಾಳುಗಳಿಗೆ ಕೈ ಹಾಕಬೇಡಿ. ನೆನೆಸಿರದಿದ್ದರೆ ಬೇಯುವುದಿಲ್ಲ, ಅರೆಬೆಂದರೆ ಅದರಲ್ಲಿರುವ ಲೆಕ್ಟಿನ್ ಎಂಬ ಅಂಶದಿಂದ ವಾಂತಿಯಾಗುತ್ತದೆ. ಬೇಳೆಕಾಳು ಬೇಯುತ್ತಿರುವಾಗ ಟೊಮೆಟೊ, ಹುಳಿ ಹಾಕಬೇಡಿ, ಮೆತ್ತಗಾಗುವುದು ನಿಧಾನವಾಗುತ್ತದೆ. ನೀರು ಕಾಯಿಸುವುದಿದ್ದರೆ ಒಂದು ದೊಡ್ಡ ಪಾತ್ರೆಗಿಂತ ಎರಡು ಒಲೆಗಳ ಮೇಲೆ ಎರಡು ಪಾತ್ರೆ ಇಡಿ, ಸಮಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ಎರಡು ಪಾತ್ರೆಯ ಮಾತು ಬಂದದ್ದರಿಂದ ಮುಂದಿನ ಹಬ್ಬಕ್ಕೆ ಇದೊಂದು ಮಾಡಿ. ನಾಲ್ಕು ಜನರ ಅಳತೆಯನ್ನು ಐದರಿಂದ ಗುಣಿಸಿ ಒಂದೇ ಪಾತ್ರೆಗೆ ಹಾಕಿದರೆ ಆಳ ಹೆಚ್ಚುತ್ತದೆ, ಅಡಿಯ ಮೇಲೆ ಭಾರ ಹೆಚ್ಚುತ್ತದೆ, ಕುದಿ ಬರಲು ತಡವಾಗುತ್ತದೆ, ಆ ತಡಕ್ಕೆ ನಾವು ಉರಿ ಜೋರು ಮಾಡುತ್ತೇವೆ. ನಿಮ್ಮ ಮನೆಯಲ್ಲಿ ಆದದ್ದೂ ಇದೇ ಇರಬೇಕು. ಗಟ್ಟಿ ಗ್ರೇವಿಯನ್ನು ಎರಡು ಮಧ್ಯಮ ಪಾತ್ರೆಗಳಲ್ಲಿ ಮಾಡಿ. ಒಂದು ಸೀದರೆ ಇನ್ನೊಂದು ಇರುತ್ತದೆ. ಗಟ್ಟಿ ಮಾಡುವ ಪದಾರ್ಥವನ್ನು ಕೊನೆಯಲ್ಲಿ ಹಾಕಿ. ಅಲ್ಲಿಯವರೆಗೆ ತೆಳ್ಳಗೇ ಬೇಯಲಿ. ಉಪ್ಪನ್ನು ಮುಕ್ಕಾಲು ಪಾಲು ಮಾತ್ರ ಹಾಕಿ, ಉಳಿದದ್ದು ಬಡಿಸುವ ಮುಂಚೆ.

ಈಗ ರಾತ್ರಿಯಿಡೀ ಒಲೆಯ ಮೇಲಿದ್ದ ಅಡುಗೆ. ಬೇಯಿಸಿದ ಆಹಾರವನ್ನು ಕೋಣೆಯ ಬಿಸಿಯಲ್ಲಿ 2 ಗಂಟೆಗಿಂತ ಹೆಚ್ಚು ಬಿಡಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2001ರಿಂದ ಹೇಳಿಕೊಂಡು ಬಂದಿದೆ. 5 ರಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾಗಳು ಬೆಳೆಯುತ್ತವೆ. ಅನುಕೂಲ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಬೆಳಿಗ್ಗೆ ಕುದಿಸಿದರೆ ಸಾಯುವುದಿಲ್ಲವೇ ಎಂದು ನಿಮ್ಮ ಮನೆಯವರು ಕೇಳಿದ್ದು ಸಹಜ. ಬ್ಯಾಕ್ಟೀರಿಯಾ ಸಾಯುತ್ತವೆ. ಆದರೆ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸೀರಿಯಸ್ ತನ್ನ ಹಿಂದೆ ಬಿಟ್ಟುಹೋಗುವ, ವಾಂತಿ ತರಿಸುವ ವಿಷ ಕುದಿಯುವ ಬಿಸಿಗೂ ನಾಶವಾಗುವುದಿಲ್ಲ. ಅದರ ಬೀಜಕಗಳು (ಗಟ್ಟಿ ಕವಚದೊಳಗೆ ಮಲಗಿರುವ ರೂಪ) ಮೊದಲ ಸಲ ಅನ್ನ ಬೇಯುವಾಗಲೂ ಬದುಕಿ ಉಳಿದು, ಅನ್ನ ನಿಧಾನಕ್ಕೆ ಆರುವಾಗ ಮೊಳೆತು ಹೆಚ್ಚುತ್ತವೆ. ಕ್ಲಾಸ್ಟ್ರಿಡಿಯಂ ಪರ್ಫ್ರಿಂಜೆನ್ಸ್ ಎಂಬ ಇನ್ನೊಂದಿದೆ. ನಿಧಾನವಾಗಿ ಆರುವ ದೊಡ್ಡ ಪಾತ್ರೆಯ ಮಾಂಸದ ಅಡುಗೆ, ಗ್ರೇವಿ ಅದಕ್ಕೆ ಹೇಳಿ ಮಾಡಿಸಿದ ಜಾಗ. ಮೂಸಿ ನೋಡಿದರೂ, ರುಚಿ ನೋಡಿದರೂ ಇವು ತಿಳಿಯುವುದಿಲ್ಲ.

ಉಳಿದದ್ದನ್ನು ಇಟ್ಟುಕೊಳ್ಳಬೇಕಾದರೆ ಊಟ ಮುಗಿದ ಕೂಡಲೇ ಎರಡು ಅಂಗುಲಕ್ಕಿಂತ ಆಳವಿಲ್ಲದ ಅಗಲ ಡಬ್ಬಿಗಳಿಗೆ ಹಂಚಿ, ತಣ್ಣೀರಿನ ಮೇಲಿಟ್ಟು ಬೇಗ ಆರಿಸಿ, ಫ್ರಿಜ್‌ಗೆ ಸೇರಿಸಿ. ದೊಡ್ಡ ಪಾತ್ರೆಯನ್ನು ಹಾಗೆಯೇ ಫ್ರಿಜ್‌ಗೆ ನೂಕಿದರೆ ಅದರ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ.

ಪಾತ್ರೆಯ ಕಪ್ಪು ಹೋಗುತ್ತದೆ. ತಳ ಮುಳುಗುವಷ್ಟು ನೀರು, ಎರಡು ಚಮಚ ಅಡುಗೆ ಸೋಡಾ ಹಾಕಿ ಹತ್ತು ನಿಮಿಷ ಸಣ್ಣಗೆ ಕುದಿಸಿ, ಒಲೆ ಆರಿಸಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಮರದ ಸೌಟಿನಲ್ಲಿ ತಳ್ಳಿದರೆ ಪದರ ಪದರವಾಗಿ ಏಳುತ್ತದೆ. ಮೊದಲ ಸಲ ಪೂರ್ತಿ ಬಿಡದಿದ್ದರೆ ಮತ್ತೊಮ್ಮೆ ಮಾಡಿ, ಉಕ್ಕಿನ ನಾರು ಹಾಕಿ ಉಜ್ಜಬೇಡಿ. ಗೀರು ಬಿದ್ದ ಜಾಗದಲ್ಲೇ ಮುಂದಿನ ಸಲ ಮೊದಲು ಅಂಟುತ್ತದೆ. ನಿಮ್ಮದು ಸ್ಟೀಲ್ ಆದ್ದರಿಂದ ಸೋಡಾ ಸರಿ. ಅಲ್ಯೂಮಿನಿಯಂ ಪಾತ್ರೆಗೆ ಸೋಡಾ ಹಾಕಿದರೆ ಅದೇ ಕಪ್ಪಾಗುತ್ತದೆ, ಅದಕ್ಕೆ ನಿಂಬೆರಸವನ್ನೋ ವಿನೆಗರನ್ನೋ ಬೆರೆಸಿದ ನೀರನ್ನು ಕುದಿಸಿ.